ದಾವಣಗೆರೆಯಿಂದ ದೆಹಲಿ ವಿಮಾನಕ್ಕೆ ಹೋಗುವವರಿಗೆ

ಬೆಂಗಳೂರಿಂದ ದೆಹಲಿಗೆ ಆಕಾಶದ ದಾರಿ ಸುಮಾರು 1,700 ಕಿ.ಮೀ. ಟಿಕೆಟ್‌ನಲ್ಲಿ ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆ ಅಂತ ಇರುತ್ತದೆ. ವಿಮಾನ ರನ್‌ವೇ ತನಕ ನಿಧಾನಕ್ಕೆ ಉರುಳುವ ಹೊತ್ತೂ ಅದರಲ್ಲೇ ಸೇರಿದೆ.

ಆದರೆ ನಮಗೆ ಜಾಸ್ತಿ ಹೊತ್ತು ಹಿಡಿಯುವುದು ರಸ್ತೆ, ಅಲ್ವಾ? ಇಲ್ಲಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ 250 ಕಿ.ಮೀ. ಮೇಲೇ ಆಗುತ್ತದೆ. ಕಾರಿನಲ್ಲಿ ಹೋಗುವವರು ಸುಮ್ನೆ ನೆಲಮಂಗಲ, ಹೆಬ್ಬಾಳದ ಟ್ರಾಫಿಕ್‌ಗೆ ಸಿಕ್ಕಿಕೊಳ್ಳಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ಹೋಗಿ. ಅಮ್ಮನನ್ನು ಕರೆದುಕೊಂಡು ಹೋದಾಗ ನಾವು ಹಿಡಿದಿದ್ದು ಇದೇ ದಾರಿ. ಅವರು ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ನೆಮ್ಮದಿಯಾಗಿ ಮಲಗಿದ್ದರು.

ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 1 ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಬೆಳಿಗ್ಗೆ 11ರ ವಿಮಾನ ಇದ್ದರೆ 3.30ಕ್ಕೆಲ್ಲ ಮನೆ ಬಿಡಿ. ದಾರಿಯಲ್ಲಿ ಕಾಫಿ ಕುಡಿಯಲೂ ಸಮಯ ಸಿಗುತ್ತದೆ.