ನೀರು ತಾಕುವ ಮುನ್ನವೇ ಜಿಡ್ಡು ಒರೆಸಿ: ಸಿಂಕ್ ಕಟ್ಟಿಕೊಳ್ಳದಂತೆ ಪಾತ್ರೆ ತೊಳೆಯುವ ಕ್ರಮ

ಅಡುಗೆಮನೆಯ ಸಿಂಕ್ ಕಟ್ಟಿಕೊಂಡಾಗ ಹಿಂದಿನ ದಿನ ಜಾರಿ ಬಿದ್ದ ತರಕಾರಿ ಸಿಪ್ಪೆಯನ್ನು ದೂರುವುದು ಎಲ್ಲರ ವಾಡಿಕೆ. ಆದರೆ ಪೈಪ್ ಬಿಚ್ಚಿದಾಗಲೆಲ್ಲ ನನಗೆ ಕಂಡಿರುವುದು ಒಳಗೋಡೆಗೆ ಪದರ ಪದರವಾಗಿ ಮೆತ್ತಿಕೊಂಡ ಬಿಳಿಚಿದ ಜಿಡ್ಡು, ಅದರಲ್ಲಿ ಹುದುಗಿದ ಅನ್ನದ ಅಗುಳು, ಕಾಫಿಯ ಗಸಿ ಮತ್ತು ಮೊಟ್ಟೆಚಿಪ್ಪಿನ ಚೂರುಗಳು. ಸಿಪ್ಪೆ ಬಂದು ಸಿಕ್ಕಿಕೊಳ್ಳುವುದು ಕೊನೆಯಲ್ಲಿ. ಅದನ್ನು ಹಿಡಿದು ನಿಲ್ಲಿಸುವ ಅಂಟು ಎಷ್ಟೋ ತಿಂಗಳುಗಳಿಂದ ಸಿದ್ಧವಾಗುತ್ತಿರುತ್ತದೆ.

ಮೊದಲ ಕೆಲಸ ಸುಲಭದ್ದು: ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಇಡಿ, ತುಂಬಿದಾಗ ಕಸದ ಬುಟ್ಟಿಗೆ ಕೊಡವಿ.

ಎರಡನೆಯದು ಜಿಡ್ಡಿನ ಪಾತ್ರೆ, ಬಹುತೇಕರು ಎಡವುವುದು ಇಲ್ಲಿಯೇ. ಕರಿದ ಬಾಣಲೆಯನ್ನು ನೇರವಾಗಿ ನಲ್ಲಿಯ ಕೆಳಗಿಟ್ಟು, ಸಾಬೂನು ಹಾಕಿ, ಬಿಸಿನೀರು ಸುರಿದು, ಎಣ್ಣೆ ಕರಗಿ ಹೋಯಿತೆಂದು ಅವರು ಸಮಾಧಾನಪಡುತ್ತಾರೆ. ಅದು ಹೋಗಿರುವುದು ಪೈಪಿನ ಒಳಕ್ಕೆ ಮಾತ್ರ. ಬಿಸಿನೀರು ಕೊಬ್ಬನ್ನು ಕರಗಿಸಿ ಒಂದಿಷ್ಟು ದೂರ ಸಾಗಿಸುತ್ತದೆ. ಪೈಪಿನ ತಣ್ಣನೆಯ ಭಾಗ ಸಿಕ್ಕೊಡನೆ ಅದು ಮತ್ತೆ ಗಟ್ಟಿಯಾಗಿ, ನಮ್ಮ ಕೈಗೆ ಎಟುಕದ ತಿರುವಿನಲ್ಲಿ ಕೂರುತ್ತದೆ. ಸಾಬೂನು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ ನಿಜ, ಆದರೆ ಮುಂದೆ ಹೆಚ್ಚು ನೀರು ಸೇರಿ ಸಾಬೂನು ತೆಳುವಾದಂತೆ ಆ ಹನಿಗಳು ಮತ್ತೆ ಒಂದಾಗುತ್ತವೆ. ಇಷ್ಟಕ್ಕೇ ಮುಗಿಯದೆ, ಕೊಬ್ಬಿನ ಆಮ್ಲಗಳು ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಕೂಡಿ ನೀರಿಗೆ ಕರಗದ ಗಟ್ಟಿ ಸಾಬೂನಾಗುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿಯ ಚರಂಡಿಯಲ್ಲಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ಹೆಬ್ಬಂಡೆ ಸಿಕ್ಕಿತ್ತು. ಮನೆಗಳಿಂದಲೂ ಹೋಟೆಲುಗಳಿಂದಲೂ ಹರಿದುಬಂದ ಕೊಬ್ಬು, ಬಿಸಾಡಿದ ಒದ್ದೆ ಒರೆಸುಬಟ್ಟೆಗಳ ಜೊತೆ ಸೇರಿ ಹೆಪ್ಪುಗಟ್ಟಿದ್ದು ಅದು.

ಆದ್ದರಿಂದ ಜಿಡ್ಡಿನ ಪಾತ್ರೆಗೆ ನೀರು ತಾಕುವುದು ಕೊನೆಯಲ್ಲಿರಬೇಕು. ಬಾಣಲೆ ಪೂರ್ತಿ ಆರಲು ಬಿಡಿ. ಸುರಿಯುವಷ್ಟು ಎಣ್ಣೆ ಉಳಿದಿದ್ದರೆ ಮುಚ್ಚಳವಿರುವ ಡಬ್ಬಿಗೆ ಬಸಿದುಕೊಳ್ಳಿ. ಬೆಣ್ಣೆಯಂತೆ ಹೆಪ್ಪುಗಟ್ಟಿದ್ದರೆ ಮರದ ಚಮಚದಿಂದ ಕೆರೆದು ಅದೇ ಡಬ್ಬಿಗೆ ಹಾಕಿ. ನಂತರ ಹಳೆಯ ಕಾಗದದ ತುಂಡಿನಿಂದ ತಳವನ್ನು, ಅಂಚನ್ನು, ಹಿಡಿಕೆಯ ಬುಡವನ್ನು ಒರೆಸಿ. ಆಮೇಲೆ ಇನ್ನೊಂದು ಹೊಸ ತುಂಡಿನಿಂದ ಮತ್ತೊಮ್ಮೆ ಒರೆಸಿ. ಮೊದಲನೆಯದು ಜಿಡ್ಡನ್ನು ಹರಡುತ್ತದೆ, ಅದನ್ನು ಎತ್ತಿಕೊಳ್ಳುವುದು ಎರಡನೆಯದು. ಬೆರಳು ಆಡಿಸಿದರೆ ಜಾರಬಾರದು, ನನ್ನ ಅಳತೆಗೋಲು ಇದೇ. ಊಟದ ತಟ್ಟೆಗೂ, ಗಟ್ಟಿ ಸಾರಿನ ಪಾತ್ರೆಗೂ, ಹಾಲು ಅಥವಾ ಕೆನೆ ಅಂಟಿದ ಪಾತ್ರೆಗೂ ಇದೇ ಕ್ರಮ. ಸ್ಪಂಜಿನಿಂದ ಒರೆಸಬೇಡಿ; ಅದು ಹೀರಿದ ಜಿಡ್ಡನ್ನು ಹಿಂಡುವುದು ಸಿಂಕಿನೊಳಕ್ಕೇ.

ಹಿಟ್ಟಿನ ಪಾತ್ರೆಗೆ ಮಾತ್ರ ಬಿಸಿನೀರು ಬೇಡವೇ ಬೇಡ. ಸುಮಾರು 60 ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟ ಉಬ್ಬಿ ಅಂಟಾಗುತ್ತದೆ. ಪಾತ್ರೆ ಒಣಗಲಿ, ಪುಡಿ ಉದುರಿಸಿ, ಉಳಿದದ್ದನ್ನು ತಣ್ಣೀರಿನಲ್ಲಿ ತೊಳೆಯಿರಿ. ಅನ್ನ, ಕಾಫಿ ಗಸಿ, ನಾರಿನ ಸಿಪ್ಪೆ ಯಾವುದೂ ಸಿಂಕಿಗೆ ಸೇರಿದ್ದಲ್ಲ. ಗೊಬ್ಬರದ ಗುಂಡಿಗೆ ಅವೆಲ್ಲ ಒಳ್ಳೆಯ ಆಹಾರ.

ಅಡಿಗೆಸೋಡಾಕ್ಕೆ ವಿನೆಗರ್ ಸುರಿದು ಪೈಪ್ ತೆರವು ಮಾಡುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ನೊರೆ ನೋಡಲು ಚೆಂದ, ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಪರಸ್ಪರ ಶಮನಗೊಂಡು ಲವಣದ ನೀರೂ ಇಂಗಾಲದ ಡೈಆಕ್ಸೈಡ್ ಅನಿಲವೂ ಉಳಿಯುತ್ತವೆ, ಜಿಡ್ಡು ಇದ್ದಲ್ಲೇ ಇರುತ್ತದೆ. ಕಾಸ್ಟಿಕ್ ಸೋಡಾದ ಪುಡಿಯನ್ನು ನಾನು ಮನೆಯೊಳಗೆ ತರುವುದಿಲ್ಲ, ನೀವೂ ತರಬೇಡಿ: ನೀರಿಗೆ ಬಿದ್ದೊಡನೆ ತೀವ್ರವಾಗಿ ಕಾಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಂದು ರಾಸಾಯನಿಕ ಫಲಿಸಲಿಲ್ಲವೆಂದು ಮತ್ತೊಂದನ್ನು ಸುರಿಯುವುದು ಇನ್ನೂ ಕೆಟ್ಟದ್ದು. ಬ್ಲೀಚಿಗೆ ಆಮ್ಲ ಸೇರಿದರೆ ವಿಷಾನಿಲವಾದ ಕ್ಲೋರಿನ್ ಹೊಮ್ಮುತ್ತದೆ. ಕುದಿನೀರೂ ಪಿವಿಸಿ ಪೈಪಿಗೆ ಹಿತವಲ್ಲ, ಅದರ ಕೀಲುಗಳು ಸಡಿಲಗೊಳ್ಳಬಹುದು.

ನೀರು ನಿಧಾನವಾಗಿ ಇಳಿಯತೊಡಗಿದರೆ ಮೊದಲು ಪ್ಲಂಜರ್, ಅಂದರೆ ಹಿಡಿಕೆಯ ತುದಿಗೆ ರಬ್ಬರ್ ಬಟ್ಟಲಿರುವ ಸಾಧನ, ಬಳಸಿ. ಪಕ್ಕದಲ್ಲಿ ಇನ್ನೊಂದು ಸಿಂಕಿದ್ದರೆ ಅದರ ಬಾಯಿಯನ್ನೂ, ಸಿಂಕಿನ ಮೇಲಂಚಿನ ಬಳಿಯ ಹೆಚ್ಚುನೀರಿನ ತೂತನ್ನೂ ಒದ್ದೆಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಹದಿನೈದು ಇಪ್ಪತ್ತು ಬಾರಿ ಒತ್ತಿ ಎಳೆಯಿರಿ. ತೂತು ಮುಚ್ಚದಿದ್ದರೆ ಒತ್ತಡವೆಲ್ಲ ಅಲ್ಲಿಂದಲೇ ಹೊರಹೋಗಿ ಶ್ರಮ ವ್ಯರ್ಥವಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಸಿಂಕಿನಡಿಯ ಬಾಗಿದ ಪೈಪಿನ ತುಂಡನ್ನು, ಅಂದರೆ ಟ್ರ್ಯಾಪನ್ನು, ಬಿಚ್ಚಬೇಕು. ಈಗಾಗಲೇ ರಾಸಾಯನಿಕ ಸುರಿದಿದ್ದರೆ ಮಾತ್ರ ನೀವೇ ಬಿಚ್ಚದೆ ಪ್ಲಂಬರನ್ನು ಕರೆದು ಆ ವಿಷಯವನ್ನು ಮೊದಲೇ ತಿಳಿಸಿ. ಉಳಿದಂತೆ, ಕೆಳಗೆ ಬಕೆಟ್ ಇಟ್ಟು, ಎರಡೂ ನಟ್ಟು ಸಡಿಲಿಸಿ, ವಾಷರು ಯಾವ ಮುಖವಾಗಿ ಕೂತಿತ್ತೆಂದು ನೋಡಿಕೊಂಡು ತೆಗೆಯಿರಿ. ತೊಳೆಯಲು ಅದೇ ಸಿಂಕನ್ನು ಬಳಸಬೇಡಿ. ಹಲವರು ಅಭ್ಯಾಸಬಲದಿಂದ ನಲ್ಲಿ ತಿರುಗಿಸಿ ಕಪಾಟನ್ನೆಲ್ಲ ನೆನೆಸಿದ್ದನ್ನು ಕಂಡಿದ್ದೇನೆ. ಮರಳಿ ಜೋಡಿಸುವಾಗ ನಟ್ಟನ್ನು ಕೈಯಿಂದಲೇ ಬಿಗಿಮಾಡಿ, ಸಿಂಕ್ ಅರ್ಧ ತುಂಬಿಸಿ ಒಮ್ಮೆಲೇ ನೀರು ಬಿಟ್ಟು, ಕೀಲಿನ ಕೆಳಗೆ ಒಣ ಕಾಗದ ಹಿಡಿಯಿರಿ. ಕಾಗದ ಒದ್ದೆಯಾದರೆ ವಾಷರು ಸರಿಯಾಗಿ ಕೂತಿದೆಯೇ ನೋಡಿ, ಕಾಲು ಸುತ್ತು ಮತ್ತೆ ಬಿಗಿಮಾಡಿ.