ದುಂಬಾಲು ಬೀಳದೆ ನೆನಪಿಸುವುದು ಹೇಗೆ?

"ಅಕ್ಕ, ಕೊಟೇಶನ್ ಕಳಿಸಿ ಎರಡು ವಾರ ಆಯ್ತು. ಒಂದು ಉತ್ತರ ಇಲ್ಲ" ಎನ್ನುತ್ತಾ ವೆಬ್‌ಸೈಟ್ ಮಾಡುವ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಓದಿದೆ. ಸೋಮವಾರ ಕೊಟೇಶನ್ ಹೋಗಿದೆ. ಬುಧವಾರ, 'ನನ್ನ ಮೇಲ್ ನೋಡಿದ್ರಾ?' ಶುಕ್ರವಾರ, 'ದಯವಿಟ್ಟು ಉತ್ತರಿಸಿ.' ಭಾನುವಾರ ರಾತ್ರಿ 11:40ಕ್ಕೆ, 'ನಿಮಗೆ ಆಸಕ್ತಿ ಇಲ್ಲ ಅಂತ ಕಾಣುತ್ತೆ.' ಅವಳ ಕೆಲಸ ಚೆನ್ನಾಗಿದೆ. ಕೇಳಿದ ದುಡ್ಡೂ ನ್ಯಾಯವಾಗಿದೆ. ಕೆಡಿಸಿದ್ದು ಆಮೇಲಿನ ಮೂರು ಮೇಲ್.

ಇದನ್ನು ತುಂಬ ಸಲ ನೋಡಿದ್ದೇನೆ. ಅನುವಾದದ ಕೆಲಸಕ್ಕಾಗಿ ಮೇಲ್ ಬರೆಯುವವಳು ನಾನು. ಕೆಲಸ ಜಾಸ್ತಿ ಬಂದಾಗ ಬೇರೆಯವರಿಗೆ ಹಂಚುವವಳೂ ನಾನು. ಹಾಗಾಗಿ ಇಂಥ ಮೇಲ್‌ಗಳು ನನಗೂ ಬರುತ್ತವೆ. ನೆನಪಿಸಿದರೆ ಯಾರಿಗೂ ಬೇಜಾರಿಲ್ಲ. ಬರಿಗೈಯಲ್ಲಿ ಬಂದು ಮತ್ತೆ ಮತ್ತೆ ಬಾಗಿಲು ತಟ್ಟಿದರೆ ಬೇಜಾರು.

ಹೆಜ್ಜೆ 1: ಮೊದಲ ಮೇಲ್‌ನಲ್ಲೇ ದಿನ ಕೇಳಿಕೊಳ್ಳಿ

ಕೊಟೇಶನ್ ಕಳಿಸುವಾಗಲೇ ಕೊನೆಗೆ ಒಂದು ಸಾಲು ಸೇರಿಸಿ: 'ನಿಮ್ಮ ತೀರ್ಮಾನ ಯಾವಾಗ ಆಗಬಹುದು? ಆ ಹೊತ್ತಿಗೆ ಒಮ್ಮೆ ಬರೆಯುತ್ತೇನೆ.' ಅವರು 'ಮುಂದಿನ ವಾರ' ಎಂದರೆ, ಮುಂದಿನ ವಾರ ನೀವು ಬರೆಯುವ ಮೇಲ್ ಪೀಡೆ ಅನಿಸುವುದಿಲ್ಲ. ಹೇಳಿದ ಮಾತನ್ನು ನಡೆಸಿದ ಹಾಗೆ ಆಗುತ್ತದೆ.

ಹೆಜ್ಜೆ 2: ಮೇಲ್ ತಲುಪಿದೆಯಾ ನೋಡಿ

ಎಷ್ಟೋ ಸಲ ಕ್ಲೈಂಟ್ ಸುಮ್ಮನಿರುವುದಿಲ್ಲ, ಮೇಲ್ ಅವರ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಸ್ವಂತ ಡೊಮೇನ್ ಹೆಸರಲ್ಲಿ ಮೇಲ್ ಇಟ್ಟುಕೊಂಡವರಿಗೆ ಈ ತೊಂದರೆ ಜಾಸ್ತಿ. 2024ರ ಫೆಬ್ರವರಿಯಿಂದ, ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಡೊಮೇನ್‌ಗೆ ಎಸ್‌ಪಿಎಫ್ ಅಥವಾ ಡಿಕೆಐಎಂ ಇರಲೇಬೇಕು ಎಂದು ಗೂಗಲ್ ನಿಯಮ ಮಾಡಿದೆ. ಈ ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂತು ಎಂದು ಸಾಬೀತು ಮಾಡುವ ಸೆಟ್ಟಿಂಗ್ ಇವು. ಡೊಮೇನ್ ಕೊಂಡ ಕಡೆ ಕೇಳಿದರೆ ಮಾಡಿಕೊಡುತ್ತಾರೆ. ಆಮೇಲೆ ನಿಮ್ಮದೇ ಇನ್ನೊಂದು ಖಾತೆಗೆ, ಒಬ್ಬಿಬ್ಬರು ಸ್ನೇಹಿತರಿಗೆ ಕಳಿಸಿ ಪರೀಕ್ಷೆ ಮಾಡಿ.

ಹೆಜ್ಜೆ 3: ಕಾಯಿರಿ

ಕ್ಲೈಂಟ್ ದಿನ ಹೇಳಿಲ್ಲವಾದರೆ ನಾನು ಐದು ಕೆಲಸದ ದಿನ ಕಾಯುತ್ತೇನೆ. ರಜೆ ಲೆಕ್ಕಕ್ಕಿಲ್ಲ. ಅದಾದ ಮೇಲೆ ಹತ್ತು ದಿನ, ಆಮೇಲೆ ಮೂರು ವಾರ. ಅಂತರ ಹೆಚ್ಚುತ್ತಾ ಹೋಗಬೇಕು, ಕಡಿಮೆ ಆಗಬಾರದು. ಜನ ಮಾಡುವುದು ಇದರ ಉಲ್ಟಾ. ಆತಂಕ ಹೆಚ್ಚಿದ ಹಾಗೆ ಮೇಲ್‌ಗಳು ಹತ್ತಿರ ಹತ್ತಿರ ಬರುತ್ತವೆ. ಓದುವವರಿಗೆ ಆ ಆತಂಕ ಕಂಡೇ ಕಾಣುತ್ತದೆ.

ರಾತ್ರಿ ಬರೆಯುವ ಅಭ್ಯಾಸ ಇದ್ದರೆ ಬರೆಯಿರಿ, ಆದರೆ ಶೆಡ್ಯೂಲ್ ಮಾಡಿ ಬೆಳಿಗ್ಗೆ ಹೋಗುವ ಹಾಗೆ ಇಡಿ. ಬೆಳಿಗ್ಗೆ ಎದ್ದು ಇನ್ನೊಮ್ಮೆ ಓದಲೂ ಅವಕಾಶ ಸಿಗುತ್ತದೆ. 'ಇಂಥ ದಿನದವರೆಗೆ ರಜೆಯಲ್ಲಿದ್ದೇನೆ' ಎಂಬ ಆಟೋ ರಿಪ್ಲೈ ಬಂದಿದ್ದರೆ ಅದನ್ನು ಪೂರ್ತಿ ಓದಿ. ವಾಪಸ್ ಬಂದ ದಿನವೇ ಬರೆಯಬೇಡಿ. ಅವತ್ತು ಅವರ ಇನ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ.

ಇಲ್ಲೇ ಟೂಲ್‌ಗಳ ಬಗ್ಗೆಯೂ ಹೇಳಬೇಕು. ಮೇಲ್ ತೆರೆದರಾ ಇಲ್ವಾ ಎಂದು ತೋರಿಸುವ ಟ್ರ್ಯಾಕರ್‌ಗೆ ದುಡ್ಡು ಹಾಕಬೇಡಿ. ಮೇಲ್‌ನೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರ ಇಟ್ಟು, ಅದು ಲೋಡ್ ಆದಾಗ 'ತೆರೆದರು' ಎಂದು ಲೆಕ್ಕ ಹಾಕುವುದು ಅದರ ಕೆಲಸ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಒಂದು ಗೌಪ್ಯತೆಯ ರಕ್ಷಣೆ ತಂದಿತು. ಅದನ್ನು ಆನ್ ಮಾಡಿಕೊಂಡವರ ಮೇಲ್‌ಗಳ ಚಿತ್ರಗಳು, ಅವರು ನೋಡಲಿ ಬಿಡಲಿ, ಮೊದಲೇ ಲೋಡ್ ಆಗುತ್ತವೆ. ನಿಮ್ಮ ಟ್ರ್ಯಾಕರ್ 'ತೆರೆದರು' ಎನ್ನುತ್ತದೆ, ಅವರು ಇನ್ನೂ ಕಣ್ಣೇ ಹಾಯಿಸಿರುವುದಿಲ್ಲ. ಅದನ್ನು ನಂಬಿ 'ನೀವು ಮೂರು ಸಲ ಓದಿದ್ದೀರಿ' ಎಂದು ಬರೆದವರನ್ನು ಕಂಡಿದ್ದೇನೆ. ಯಾರೋ ಕಿಟಕಿಯಿಂದ ಇಣುಕಿದ ಹಾಗೆ ಅನಿಸುತ್ತದೆ, ಅಲ್ವಾ?

ತಾನಾಗಿ ನೆನಪಿನ ಮೇಲ್ ಕಳಿಸುವ ಸೇವೆಗಳಿಗೂ ನನ್ನದು ಬೇಡ ಎಂಬ ಉತ್ತರವೇ. ನಾನು ಬಳಸಿದ್ದ ಒಂದು ಸೇವೆ, ಕ್ಲೈಂಟ್ ಫೋನ್ ಮಾಡಿ ಒಪ್ಪಿದ ಮಾರನೇ ದಿನ ಅವರಿಗೆ 'ಇನ್ನೂ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ' ಎಂದು ಕಳಿಸಿತ್ತು. ಫೋನ್‌ನಲ್ಲಿ ಆದ ಮಾತು ಅದಕ್ಕೆ ಹೇಗೆ ಗೊತ್ತಾಗಬೇಕು?

ಹೆಜ್ಜೆ 4: ಹಳೆಯ ಮೇಲ್‌ಗೇ ರಿಪ್ಲೈ ಮಾಡಿ

ಸೆಂಟ್ ಫೋಲ್ಡರ್‌ನಲ್ಲಿ ನಿಮ್ಮ ಹಳೆಯ ಮೇಲ್ ತೆರೆದು ರಿಪ್ಲೈ ಒತ್ತಿ. ಸಬ್ಜೆಕ್ಟ್ ಬದಲಿಸಬೇಡಿ, ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಮಾತುಕತೆ ಎಂದು ಪ್ರತ್ಯೇಕ ಮಾಡುತ್ತದೆ. ಒಂದು ವಿಷಯ ಬಹಳ ಜನ ಮರೆಯುತ್ತಾರೆ: ರಿಪ್ಲೈ ಮಾಡಿದಾಗ ಹಳೆಯ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುವುದಿಲ್ಲ. ಕೊಟೇಶನ್ ಪಿಡಿಎಫ್ ಅನ್ನು ಮತ್ತೆ ಸೇರಿಸಿ.

ಹೆಜ್ಜೆ 5: ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. 'ಸುಮ್ನೆ ವಿಚಾರಿಸೋಣ ಅಂತ ಬರೆದೆ, ಕೊಟೇಶನ್ ನೋಡಿದ್ರಾ?' ಎಂಬ ಮೇಲ್ ಬಂದಾಗ ಕ್ಲೈಂಟ್ ಏನೇನು ಮಾಡಬೇಕಾಗುತ್ತದೆ ಯೋಚಿಸಿ. ಯಾವ ಕೊಟೇಶನ್ ಎಂದು ನೆನಪಿಸಿಕೊಳ್ಳಬೇಕು. ಹುಡುಕಬೇಕು. ಓದಿಲ್ಲವಲ್ಲ ಎಂದು ಮುಜುಗರ ಪಡಬೇಕು. ಓದಿ ತೀರ್ಮಾನ ಮಾಡಬೇಕು. ಆಮೇಲೆ ಉತ್ತರ ಬರೆಯಬೇಕು. ಇಷ್ಟೆಲ್ಲ ಕೆಲಸ ಅವರ ತಲೆಗೆ ಕಟ್ಟಿ ನೀವು ಕೈತೊಳೆದುಕೊಂಡ ಹಾಗಾಯಿತು. ಅವರು 'ಆಮೇಲೆ ನೋಡೋಣ' ಎಂದು ಪಕ್ಕಕ್ಕಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಆ ಹುಡುಗಿಯ ಜೊತೆ ಕೂತು ಹೀಗೆ ಬರೆಸಿದೆ:

'ನಮಸ್ತೆ ಡಾಕ್ಟರ್. ಎರಡು ವಾರದ ಹಿಂದೆ ನಿಮ್ಮ ಕ್ಲಿನಿಕ್‌ನ ವೆಬ್‌ಸೈಟ್‌ಗೆ ಕೊಟೇಶನ್ ಕಳಿಸಿದ್ದೆ. ಐದು ಪುಟ, ಮೂರು ವಾರದ ಕೆಲಸ. ಮತ್ತೆ ಲಗತ್ತಿಸಿದ್ದೇನೆ.

ಈಗಿರುವ ಸೈಟನ್ನು ಮೊಬೈಲ್‌ನಲ್ಲಿ ತೆರೆದು ನೋಡಿದೆ. ಅಪಾಯಿಂಟ್‌ಮೆಂಟ್ ಬಟನ್ ಅರ್ಧ ಪರದೆಯಾಚೆ ಹೋಗಿದೆ, ಒತ್ತಲು ಬರುವುದಿಲ್ಲ. ಸ್ಕ್ರೀನ್‌ಶಾಟ್ ಜೊತೆಗಿದೆ. ಇದನ್ನು ಈಗ ಸೈಟ್ ನೋಡಿಕೊಳ್ಳುವವರಿಗೆ ತೋರಿಸಿದರೆ ಅವರೇ ಸರಿಮಾಡಬಹುದು.

ಹೊಸ ಸೈಟ್ ಈ ತಿಂಗಳು ಶುರು ಮಾಡೋಣವೇ, ಮುಂದಿನ ತಿಂಗಳಿಗೆ ಇರಲಿ ಎನ್ನುತ್ತೀರಾ? ಬೇರೆಯವರಿಗೆ ಕೊಟ್ಟಾಗಿದ್ದರೆ "ಆಗಿದೆ" ಎಂದು ಬರೆದರೆ ಸಾಕು, ಮತ್ತೆ ಕೇಳುವುದಿಲ್ಲ.'

ಮೊದಲ ಭಾಗದಲ್ಲಿ ವಿಷಯ ಇದೆ. ಪಿಡಿಎಫ್ ತೆರೆಯದೆಯೇ ಯಾವ ಕೆಲಸ, ಎಷ್ಟು ದಿನ ಎಂದು ಗೊತ್ತಾಗುತ್ತದೆ. ಎರಡನೇ ಭಾಗ ಇಡೀ ಮೇಲ್‌ನ ಜೀವ. ಅವರು ಕೆಲಸ ಕೊಡಲಿ ಬಿಡಲಿ, ಆ ಬಟನ್ ವಿಷಯ ಅವರಿಗೆ ಉಪಯೋಗಕ್ಕೆ ಬರುತ್ತದೆ. 'ಅವರೇ ಸರಿಮಾಡಬಹುದು' ಎಂಬ ಮಾತನ್ನು ತೆಗೆಯೋಣ ಎಂದು ಅವಳು ಹಟ ಹಿಡಿದಳು. "ನಮ್ಮ ಕೆಲಸ ನಾವೇ ಕಳಕೊಂಡ ಹಾಗಲ್ವಾ ಅಕ್ಕ?" ಎಂದಳು. ನಾನು ಬಿಡಲಿಲ್ಲ. ಆ ಸಾಲು ತೆಗೆದರೆ ಸ್ಕ್ರೀನ್‌ಶಾಟ್ ಹೆದರಿಸಲು ಕಳಿಸಿದ ಹಾಗೆ ಕಾಣುತ್ತದೆ.

ಮೂರನೇ ಭಾಗದಲ್ಲಿ ಒಂದೇ ಪ್ರಶ್ನೆ. ಫೋನ್ ಹಿಡಿದು ಲಿಫ್ಟ್‌ನಲ್ಲಿ ನಿಂತಿರುವಾಗಲೂ 'ಮುಂದಿನ ತಿಂಗಳು' ಎಂದು ಬೆರಳಾಡಿಸಬಹುದು. 'ನಿಮ್ಮ ಅಭಿಪ್ರಾಯ ತಿಳಿಸಿ' ಎಂದರೆ ಅದಕ್ಕೆ ಕೂತು ಬರೆಯಬೇಕು. ಇನ್ನು ಬೇಡ ಎನ್ನಲು ದಾರಿ ಕೊಡುವುದು ಬಹಳ ಮುಖ್ಯ. ಎಷ್ಟೋ ಜನ ಉತ್ತರ ಕೊಡದಿರುವುದು ಬೇಡ ಎಂದು ಹೇಳಲಾಗದ ದಾಕ್ಷಿಣ್ಯದಿಂದ. ಆ ಮಾತನ್ನು ನೀವೇ ಸುಲಭ ಮಾಡಿಕೊಟ್ಟರೆ ಇಬ್ಬರಿಗೂ ಹಗುರ.

ಹೊಸದಾಗಿ ಏನು ಹೇಳಲಿ ಎಂದು ಕೇಳುವವರಿಗೆ: ಮೊದಲ ಮಾತುಕತೆಯಲ್ಲಿ ಅವರು ಕೇಳಿ, ನೀವು ಅರ್ಧ ಉತ್ತರ ಕೊಟ್ಟ ಪ್ರಶ್ನೆ ಯಾವುದಾದರೂ ಇದೆಯಾ? ಅದರ ಪೂರ್ತಿ ಉತ್ತರ ಕೊಡಿ. ಕೆಲಸವನ್ನು ಎರಡು ಕಂತಾಗಿ ಒಡೆದು, ಮೊದಲು ಇಷ್ಟು ಮಾತ್ರ ಮಾಡಬಹುದು ಎಂದು ತೋರಿಸಿ. ನಿಮಗೆ ಬಿಡುವಾಗುವ ದಿನ ಬದಲಾಗಿದ್ದರೆ ತಿಳಿಸಿ. ನಿಮಗೆ ಬಂದ ಪ್ರಶಸ್ತಿ, ನಿಮ್ಮ ಕಂಪನಿಯ ಸುದ್ದಿ ಇದರಲ್ಲಿ ಸೇರುವುದಿಲ್ಲ. 'ನಾಳೆವರೆಗೆ ಮಾತ್ರ ರಿಯಾಯಿತಿ' ಎಂಬ ಸುಳ್ಳಂತೂ ಬೇಡವೇ ಬೇಡ. ಉತ್ತರ ಬರಲಿಲ್ಲವೆಂದು ತಾವಾಗಿಯೇ ರೇಟ್ ಇಳಿಸುವವರಿದ್ದಾರೆ. ಅವರು ಕೇಳಿಯೇ ಇಲ್ಲ, ಯಾಕೆ ಇಳಿಸುತ್ತೀರಿ? ಮೊದಲು ಹೇಳಿದ ರೇಟ್ ಮೇಲೂ ಅನುಮಾನ ಬರುತ್ತದೆ. ಕಡಿಮೆ ದುಡ್ಡಿಗೆ ಬೇಕೆಂದರೆ ಕೆಲಸವನ್ನೂ ಕಡಿಮೆ ಮಾಡಿ ತೋರಿಸಿ.

'ಇದುವರೆಗೂ ಉತ್ತರ ಬಂದಿಲ್ಲ' ಎಂಬ ಮಾತನ್ನು ಅಳಿಸಿ, ಅದು ದೂರು. 'ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಎಂಬುದನ್ನೂ ಅಳಿಸಿ. ತೊಂದರೆ ಎಂದು ನೀವೇ ಹೇಳಿದರೆ ಅವರಿಗೂ ಹಾಗೇ ಅನಿಸುತ್ತದೆ. ತುರ್ತು ಎಂಬ ಕೆಂಪು ಗುರುತು, ಓದಿದ ರಸೀದಿ ಕೇಳುವುದು, ಅವರ ಮೇಲಿನವರಿಗೆ ಸಿಸಿ ಹಾಕುವುದು, ಇವು ಮೂರನ್ನೂ ಯಾವತ್ತೂ ಮಾಡಬೇಡಿ. ಬರೆದಾದ ಮೇಲೆ ನಿಮ್ಮ ಫೋನ್‌ನಲ್ಲೇ ತೆರೆದು ನೋಡಿ. ತುಂಬ ಹೊತ್ತು ಬೆರಳು ಎಳೆಯಬೇಕಾದರೆ ಉದ್ದವಾಯಿತು.

ಹೆಜ್ಜೆ 6: ಯಾವಾಗ ನಿಲ್ಲಿಸಬೇಕು

ಅವರಾಗಿ ಕೊಟೇಶನ್ ಕೇಳಿದ್ದರೆ ಮೂರು ಸಲ. ನೀವಾಗಿ ಪರಿಚಯ ಮಾಡಿಕೊಂಡು ಬರೆದಿದ್ದರೆ ಒಂದೇ ಸಲ. ಬೇಸತ್ತವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಹಾಗೆ ಒತ್ತುವವರು ಹೆಚ್ಚಾದರೆ ನಿಮ್ಮ ಮೇಲ್ ಬೇರೆಯವರ ಇನ್‌ಬಾಕ್ಸ್‌ಗೂ ಹೋಗದೆ ಇರಬಹುದು.

ಮೂರನೆಯದು ಮುಗಿಸುವ ಮೇಲ್: 'ಈ ವಿಷಯದಲ್ಲಿ ನನ್ನ ಕಡೆಯಿಂದ ಇದು ಕೊನೆಯ ಮೇಲ್. ಮುಂದೆ ಬೇಕೆನಿಸಿದರೆ ಇದಕ್ಕೇ ಉತ್ತರ ಬರೆಯಿರಿ, ಹಳೆಯ ವಿವರ ಎಲ್ಲ ಇಲ್ಲೇ ಇದೆ.' ಇಷ್ಟೇ. ಮುನಿಸು ಬೇಡ. ಕೊನೆಯದು ಎಂದ ಮೇಲೆ ಅದು ಕೊನೆಯದೇ ಆಗಿರಬೇಕು. ಇದನ್ನು ಹೆದರಿಸುವ ತಂತ್ರ ಮಾಡಿಕೊಂಡು ವಾರ ಬಿಟ್ಟು ಮತ್ತೆ ಬರೆಯುವವರನ್ನು ನಾನು ಆಮೇಲೆ ನಂಬುವುದಿಲ್ಲ.

ಬೇಡ ಎಂಬ ಉತ್ತರ ಬಂದರೆ ಎರಡು ಸಾಲಲ್ಲಿ ಥ್ಯಾಂಕ್ಸ್ ಹೇಳಿ. ಯಾರಿಗೆ ಯಾವತ್ತು ಬರೆದಿರಿ ಎಂದು ಒಂದು ಶೀಟ್‌ನಲ್ಲಿ ಬರೆದಿಡಿ.

ಆ ಹುಡುಗಿಗೆ ಎರಡು ದಿನದ ಮೇಲೆ ಉತ್ತರ ಬಂತು: 'ಬಟನ್ ಸರಿಮಾಡಿಸಿದೆವು, ಥ್ಯಾಂಕ್ಸ್. ಹೊಸ ಸೈಟ್ ಬಗ್ಗೆ ಮುಂದಿನ ತಿಂಗಳು 10ರ ನಂತರ ಮಾತಾಡೋಣ.' ಖುಷಿಯಲ್ಲಿ ಫೋನ್ ಮಾಡಿ, "ಅಕ್ಕ, 9ಕ್ಕೇ ಒಂದು ಸಲ ನೆನಪಿಸ್ಲಾ?" ಎಂದಳು. "10ರ ನಂತರ ಅಂದಿದ್ದಾರಲ್ಲ. 11ಕ್ಕೆ ಬರೆ" ಎಂದೆ. ಫೋನ್ ಇಡುವ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದೆ.