ಊರಿನ ಬೋರ್‌ವೆಲ್ ಲೆಕ್ಕದಿಂದಲೇ ನೆಲದೊಳಗಿನ ನಕ್ಷೆ ಮಾಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್, ನೈಸ್ ಬಂಡೆ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ, ಅಂದರೆ ಬಿಸಿಲು ಮಳೆಗೆ ಶಿಥಿಲವಾದ ಬಂಡೆಯ ಪದರದಲ್ಲಿ, ಇಲ್ಲವೇ ಕೆಳಗಿನ ಬಂಡೆಯ ಬಿರುಕಿನಲ್ಲಿ. ಈ ಪದರ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಗೊತ್ತಿಲ್ಲದೆ ಇಂಗುಗುಂಡಿ ತೋಡುವುದು, ಬೋರ್ ಕೊರೆಸುವುದು ಎರಡೂ ದುಡ್ಡು ದಂಡ. ಬೇಕಾದ ಮಾಹಿತಿ ಬಹುಪಾಲು ಊರಲ್ಲೇ ಇದೆ.

ಮೊದಲು ಬೋರ್‌ಗಳ ಪಟ್ಟಿ ಮಾಡಿ. ಜಾಗ, ಒಟ್ಟು ಆಳ, ಎಷ್ಟು ಅಡಿಗೆ ನೀರು ಬಿತ್ತು, ಎಷ್ಟು ಇಂಚು ನೀರು ಬಂತು, ಎಲ್ಲ ಬರೆದುಕೊಳ್ಳಿ. ಫೇಲ್ ಆದ ಬೋರ್‌ಗಳನ್ನು ಬಿಡಲೇಬೇಡಿ, ಯಾಕಂದ್ರೆ ಎಲ್ಲಿ ಬರೀ ಗಟ್ಟಿ ಬಂಡೆ ಇದೆ ಅಂತ ಹೇಳುವುದು ಅವೇ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಕೇಸಿಂಗ್ ಪೈಪಿನದು. ಸಡಿಲ ಮಣ್ಣು, ಕೊಳೆತ ಕಲ್ಲು ಕುಸಿಯದಿರಲಿ ಅಂತ ಗಟ್ಟಿ ಬಂಡೆ ಸಿಗುವವರೆಗೆ ರಿಗ್‌ನವರು ಕೇಸಿಂಗ್ ಇಳಿಸುತ್ತಾರೆ, ಅಂದರೆ ಅದರ ಆಳವೇ ಹೆಚ್ಚುಕಡಿಮೆ ಕೊಳೆತ ಪದರದ ತಳ. ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುವುದರಿಂದ ರೈತರಿಗೂ ಅದು ನೆನಪಿರುತ್ತದೆ.

ಆಳವನ್ನು ಹಾಗೇ ನಕ್ಷೆಗೆ ಹಾಕಬೇಡಿ. ನೆಲ ಏರುತಗ್ಗು ಇರುತ್ತದಲ್ವಾ? ಸಮುದ್ರ ಮಟ್ಟದಿಂದ ನೆಲದ ಎತ್ತರ ಎಷ್ಟೋ ಅದರಲ್ಲಿ ಆಳ ಕಳೆಯಿರಿ. ನೆಲದ ಎತ್ತರ 850 ಮೀಟರ್, ಕೇಸಿಂಗ್ 60 ಅಡಿ ಅಂದರೆ 18.3 ಮೀಟರ್, ಹಾಗಾದರೆ ಪದರದ ತಳ 831.7 ಮೀಟರ್. ಎತ್ತರಕ್ಕೆ ಮೊಬೈಲ್ ಜಿಪಿಎಸ್ ನಂಬಬೇಡಿ. ಬಾಹ್ಯಾಕಾಶದಿಂದ ನೆಲದ ಎತ್ತರ ಅಳೆದು ಮಾಡಿದ, ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಡೇಟಾ ಸಾಕು, ಎಲ್ಲ ಬೋರ್‌ಗೂ ಒಂದೇ ಮೂಲ ಬಳಸಿ.

ಕಂಪ್ಯೂಟರ್ ತೆರೆಯುವ ಮುಂಚೆ ಗ್ರಾಫ್ ಹಾಳೆಯಲ್ಲಿ ದಿಣ್ಣೆಯಿಂದ ಕೆರೆಯವರೆಗೆ ಎರಡು ಮೂರು ಅಡ್ಡಸೀಳು ಚಿತ್ರ ಬರೆಯಿರಿ. ತಪ್ಪು ಅಂಕಿಗಳು ಇಲ್ಲೇ ಎದ್ದು ಕಾಣುತ್ತವೆ. ಬಂಡೆ ಹೊರಗೆ ಕಾಣುವ ಕಡೆ ಪದರದ ದಪ್ಪ ಸೊನ್ನೆ, ಅದನ್ನೂ ಸೇರಿಸಿ. ಹಳೇ ತೆರೆದ ಬಾವಿಯ ಗೋಡೆ ನೋಡಿದರೆ ಮಣ್ಣು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಯಿತು ಅಂತ ಕಣ್ಣಾರೆ ಕಾಣುತ್ತದೆ. ಆಮೇಲೆ ಕ್ಯೂಜಿಐಎಸ್ ಅನ್ನುವ ಉಚಿತ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಈ ಬಿಂದುಗಳಿಂದ ಪದರದ ತಳದ ಮೇಲ್ಮೈ ಮಾಡಿ, 3ಡಿ ನೋಟದಲ್ಲಿ ನೆಲದ ಕೆಳಗಿಡಿ. ಬೋರ್‌ಗಳೇ ಇಲ್ಲದ ಕಡೆ ಬಣ್ಣ ತುಂಬಬೇಡಿ, ಖಾಲಿ ಬಿಡಿ.

ಬಿರುಕುಗಳನ್ನು ಮಾತ್ರ ಪದರದ ಹಾಗೆ ಹಾಸಬೇಡಿ. ಒಂದು ಹೊಲದಲ್ಲಿ 400 ಅಡಿಗೆ ನೀರು ಬಿದ್ದರೆ ಪಕ್ಕದ ಹೊಲದಲ್ಲೂ ಬೀಳುತ್ತದೆ ಅನ್ನುವ ಭರವಸೆ ಇಲ್ಲ. ಅವನ್ನು ಬೋರ್ ಗೆರೆಯ ಮೇಲೆ ಬರೀ ಚುಕ್ಕೆಯಾಗಿ ತೋರಿಸಿ. ಕರಿಕಲ್ಲಿನ ಡೈಕ್, ಅಂದರೆ ಬೇರೆ ಬಂಡೆಯನ್ನು ಸೀಳಿಕೊಂಡು ನಿಂತ ಕರಿಕಲ್ಲಿನ ಪಟ್ಟಿ ಇದ್ದರೆ ಗೋಡೆಯಾಗಿ ಎಳೆಯಿರಿ, ಅದು ಎಷ್ಟೋ ಕಡೆ ನೀರನ್ನು ತಡೆಯುತ್ತದೆ.

ಕೊನೆಗೆ ಮಳೆಗಾಲಕ್ಕೆ ಮುಂಚಿನ ಮತ್ತು ನಂತರದ ನೀರಿನ ಮಟ್ಟವನ್ನು ಇದೇ ನಕ್ಷೆಗೆ ಸೇರಿಸಿ. ಕೊಳೆತ ಪದರದಲ್ಲಿ ಬಸಿದು ಸಿಗುವ ನೀರು ಅದರ ಗಾತ್ರದ ಶೇ 2 ಅಂತ ಹಿಡಿದರೆ, ಒಂದು ಎಕರೆಯಲ್ಲಿ ಮಟ್ಟ 1 ಮೀಟರ್ ಇಳಿದಾಗ ಹೋಗುವುದು ಸುಮಾರು 80 ಸಾವಿರ ಲೀಟರ್. ಮಟ್ಟ ಪದರದ ತಳಕ್ಕಿಂತ ಕೆಳಗೆ ಹೋಗಿರುವ ಕಡೆ ಉಳಿದಿರುವುದು ಬಿರುಕಿನ ನೀರು ಮಾತ್ರ. ಅಲ್ಲಿ ಹೊಸ ಬೋರ್ ಬೇಡ, ಪದರ ದಪ್ಪ ಇದ್ದು ಖಾಲಿಯಾಗಿರುವ ಕಡೆ ಮೊದಲು ನೀರು ಇಂಗಿಸಿ.